ಪೀರ್ ಗರೀಬನ ಸುತ್ತ ಇನ್ನೂರು ಗಜ

ದಿನಾ ಬೆಳಿಗ್ಗೆ ಮಿರ್ಜಾ ರುಕ್ನುದ್ದೀನ್ ಗಡ್ಡ ಬಾಚಿಕೊಂಡು, ಕುರಿಮರಿ ತೊಗಲಿನ ಕರಿ ಟೋಪಿ ಇಟ್ಟುಕೊಂಡು, ಇಂಜಿನಿಯರ್ ಹಾಲ್ಡೇನನ ಡೇರೆಯ ಮುಂದೆ ಹೋಗಿ ನಿಲ್ಲುತ್ತಿದ್ದ.

“ಇವತ್ತು ನನ್ನ ಹತ್ರ ಕೇಳೋದು ಏನಾದ್ರೂ ಇದೆಯಾ?” ಎಂದು ಫ್ರೆಂಚಿನಲ್ಲಿ ವಿಚಾರಿಸುತ್ತಿದ್ದ.

“ಏನೂ ಇಲ್ಲ ಮಿರ್ಜಾ,” ಎಂದು ಹಾಲ್ಡೇನ್ ನಕ್ಷೆಯಿಂದ ತಲೆಯೆತ್ತದೆ ಹೇಳುತ್ತಿದ್ದ. ಅಲ್ಲಿಗೆ ಮಿರ್ಜಾನ ಆ ದಿನದ ಕೆಲಸ ಮುಗಿಯುತ್ತಿತ್ತು.

ಎರಡು ವರ್ಷದ ಹಿಂದೆ ತೆಹರಾನಿನ ಸರ್ಕಾರ ಪರದೇಶದ ಕಂಪನಿಯೊಂದಕ್ಕೆ ನೆಲದೊಳಗಿನ ಎಣ್ಣೆ ತೆಗೆಯುವ ಹಕ್ಕು ಕೊಟ್ಟು ಕರಾರು ಮಾಡಿಕೊಂಡಿತ್ತು. ಹಕ್ಕು ಅರವತ್ತು ವರ್ಷಕ್ಕೆ. ಲಾಭದಲ್ಲಿ ನೂರಕ್ಕೆ ಹದಿನಾರು ಪಾಲು ಸರ್ಕಾರದ್ದು. ಪಾಳುನೆಲವೆಲ್ಲ ಕಂಪನಿಗೆ ಪುಕ್ಕಟೆ, ಆದರೆ ಕೂಲಿಯವರು ಮಾತ್ರ ಇರಾನಿನವರೇ ಆಗಿರಬೇಕು. ಸರ್ಕಾರದ ಕಡೆಯಿಂದ ಒಬ್ಬ ಕಮಿಷನರ್ ಇರಬೇಕು, ಕಂಪನಿ ಅವನ ಸಲಹೆ ಕೇಳಬೇಕು, ಅವನ ಸಂಬಳವನ್ನೂ ಕಂಪನಿಯೇ ಕೊಡಬೇಕು. ಈ ಕರಾರನ್ನು ಫಾರ್ಸಿಯಲ್ಲಿ ಮುತ್ತು ಪೋಣಿಸಿದಂತೆ ನಕಲು ಮಾಡಿದವನು ವಿದೇಶಾಂಗ ಕಚೇರಿಯ ಗುಮಾಸ್ತ ರುಕ್ನುದ್ದೀನನೇ. ಕಮಿಷನರ್ ಆದ ದೊಡ್ಡಮನುಷ್ಯರು ತೆಹರಾನಿನ ತಮ್ಮ ತೋಟ ಬಿಟ್ಟು ಕದಲಲಿಲ್ಲ. “ನಿನಗೆ ಕರಾರು ಬಾಯಿಪಾಠ ಅಲ್ವೇನಯ್ಯಾ? ನನ್ನ ಬದ್ಲು ನೀನೇ ಹೋಗಿ ಕೂತ್ಕೋ,” ಎಂದರು. ಆ ವರ್ಷವೇ ಅವನ ಹೆಂಡತಿ ಕಾಲರಾದಲ್ಲಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಮನೆಯೊಳಗೆ ಹೋದರೆ ತನ್ನ ಚಪ್ಪಲಿಯ ಸದ್ದು ತನಗೇ ಕೇಳುತ್ತಿತ್ತು. ಹ್ಞೂಂ ಎಂದು ಹೊರಟು ಬಂದ.

ಬಂದಿದ್ದು ತುರ್ಕರ ಗಡಿಗೆ ಅಂಟಿಕೊಂಡ ಬೋಳುಗುಡ್ಡಗಳ ನಡುವಿನ ಚಶ್ಮೆಸಿಯಾ ಎಂಬಲ್ಲಿಗೆ. ಅಲ್ಲಿನ ಊಟೆಯೊಂದರಲ್ಲಿ ನೀರಿನ ಮೇಲೆ ಕರೀ ಜಿಡ್ಡು ತೇಲುತ್ತಿತ್ತು. ಕುರ್ದಿ ಕುರುಬರು ಅದನ್ನು ಒಂಟೆಗಳ ಕಜ್ಜಿಗೆ ಹಚ್ಚುತ್ತಿದ್ದರು. ಕಂಪನಿಯವರ ಡೇರೆಗಳು ಮೇಲುಗಡೆ, ಕೂಲಿಯವರವು ಹಳ್ಳದ ಕಡೆ. ಮಿರ್ಜಾನಿಗೆ ಎರಡಕ್ಕೂ ನಡುವೆ ಒಂದು ಕಲ್ಲಿನ ಕೋಣೆ ಸಿಕ್ಕಿತು. ಮೇಲಿನವರು ಅವನನ್ನು ಊಟಕ್ಕೆ ಕರೆಯುತ್ತಿರಲಿಲ್ಲ. ಕೆಳಗಿನವರಿಗೆ ಅವನು ಕಂಪನಿಯ ಅನ್ನ ತಿನ್ನುವವನು. ಅವನು ಹತ್ತಿರ ಬಂದರೆ ಅವರ ನಗು ನಿಂತುಹೋಗುತ್ತಿತ್ತು. ರೊಟ್ಟಿ, ಈರುಳ್ಳಿ, ಮಜ್ಜಿಗೆ ಮುಂದಿಟ್ಟುಕೊಂಡು ಅವನು ಒಬ್ಬನೇ ಉಣ್ಣುತ್ತಿದ್ದ. ಶುಕ್ರವಾರಕ್ಕೊಂದು ವರದಿ ಬರೆದು ತೆಹರಾನಿಗೆ ಕಳಿಸುತ್ತಿದ್ದ. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಅವನ ಜೊತೆ ನಾಲ್ಕು ಮಾತಾಡುತ್ತಿದ್ದವಳು ನನೆ ಗುಲ್ಬಾಸ್ ಒಬ್ಬಳೇ. ಆ ಕಡೆ ಅಜ್ಜಿಯರನ್ನು ನನೆ ಅನ್ನುತ್ತಾರೆ. ಗುಡ್ಡದ ತಪ್ಪಲಿನಲ್ಲಿ ಮಣ್ಣಿನ ಗುಮ್ಮಟದ ಪುಟ್ಟ ಗೋರಿಯೊಂದಿತ್ತು, ಪೀರ್ ಗರೀಬನದು. ಗರೀಬ ಎಂದರೆ ಅಲ್ಲಿ ಬಡವನಲ್ಲ, ಪರವೂರಿನವನು. ಗೋರಿಯ ಕಸ ಗುಡಿಸಿ, ದೀಪ ಹಚ್ಚಿ, ಪಕ್ಕದ ಗುಡಿಸಲಲ್ಲಿ ಮೂರು ಆಡು ಸಾಕಿಕೊಂಡಿದ್ದಳು ನನೆ.

ಎರಡನೆಯ ವರ್ಷ ವಸಂತದ ನೌರೋಜ್ ಹಬ್ಬ ಕಳೆದ ಮೇಲೆ ಹಾಲ್ಡೇನ್ ಎರಡನೇ ಬಾವಿಗೆ ಜಾಗ ಗುರುತು ಮಾಡಿದ. ಮೇಸ್ತ್ರಿ ಯಾರ್‌ಮುರಾದನ ಆಳುಗಳು ಮೂರು ವಾರ ಬಂಡೆ ಒಡೆದು ನೆಲ ಸಮ ಮಾಡಿದರು. ಅತ್ತ ತಿರುಗಾಡಲು ಹೋಗಿದ್ದ ಮಿರ್ಜಾ ನೆಟ್ಟ ಗೂಟಗಳನ್ನು ನೋಡಿದ, ಗುಮ್ಮಟವನ್ನು ನೋಡಿದ. ಕೂಡಲೇ ಹಾಲ್ಡೇನನ ಡೇರೆಗೆ ಹೋದ.

“ಕರಾರಿನ ಮೂರನೇ ಕಲಮು,” ಎಂದ. “ಪವಿತ್ರ ಸ್ಥಳಗಳೂ ಅವುಗಳ ಸುತ್ತ ಇನ್ನೂರು ಗಜ ಜಾಗವೂ ಕಂಪನಿಯ ಹಕ್ಕಿನಿಂದ ಹೊರಗೆ.”

ಹಾಲ್ಡೇನ್ ಮೊದಲ ಸಲ ನಕ್ಷೆ ಪಕ್ಕಕ್ಕಿಟ್ಟ. “ನನಗೂ ಓದೋಕೆ ಬರುತ್ತೆ ಮಿರ್ಜಾ. ನಾನೇ ಟೇಪ್ ಹಿಡಿದು ಅಳೆದಿದೀನಿ. ಇನ್ನೂರು ಗಜ ದಾಟಿ ಮೇಲೆ ಇನ್ನೂ ಹನ್ನೆರಡು ಗಜ ಇದೆ.”

“ಅದು ನಿಮ್ಮ ಇಂಗ್ಲಿಷ್ ಗಜ. ಕರಾರಿನಲ್ಲಿರೋದು ಇರಾನಿ ಗಜ. ನಮ್ಮದು ಏಳು ಬೆರಳು ಉದ್ದ ಜಾಸ್ತಿ.”

“ಏಳು ಬೆರಳಿಗೆ ನನ್ನ ಬಾವಿ ನಿಲ್ಲಿಸ್ತೀರಾ?”

“ಇನ್ನೂರು ಸಲ ಏಳು ಬೆರಳು.”

ಹಾಲ್ಡೇನ್ ಎದ್ದು ನಿಂತ. “ಅಳೆದು ತೋರಿಸಿ,” ಎಂದ.

ಬಟ್ಟೆ ಮಾರುತ್ತ ಬಂದಿದ್ದ ಕರ್ಮಾನ್‌ಶಾಹಿನ ವ್ಯಾಪಾರಿಯಿಂದ ಮಿರ್ಜಾ ಕಬ್ಬಿಣದ ಗಜದ ಕೋಲು ಎರವಲು ತಂದ. ಹಗ್ಗ ಹಿಡಿಯಲು ಆಳು ಕೇಳಿದರೆ ಯಾರೂ ಏಳಲಿಲ್ಲ. ಕೊನೆಗೆ ನನೆ ಗುಲ್ಬಾಸಳೇ ಹಗ್ಗದ ಒಂದು ತುದಿ ಹಿಡಿದು ಗೋರಿಯ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮಿರ್ಜಾ ಉರಿಬಿಸಿಲಿನಲ್ಲಿ ಬಗ್ಗಿ, ಹಗ್ಗದ ಜಾಡಿನಲ್ಲಿ ಕೋಲಿಟ್ಟು ಗೆರೆ ಎಳೆದು, ಮತ್ತೆ ಕೋಲಿಟ್ಟು, ಗಟ್ಟಿಯಾಗಿ ಎಣಿಸುತ್ತ ಹೋದ. ಕೂಲಿಯವರು ಸಾಲಾಗಿ ಕೂತು ನೋಡಿದರು.

“ಪಾಯಿಜಾಮಕ್ಕೆ ಅಳತೆ ತಗೊಳ್ತಿದಾರೆ ಕಣ್ರೋ ಸಾಹೇಬ್ರು!” ಎಂದು ಒಬ್ಬ ಕೂಗಿದ.

“ಗುಡ್ಡಕ್ಕೇ ಹೊಲಿಸ್ತಾರೇನೋ,” ಎಂದ ಇನ್ನೊಬ್ಬ.

ಗೂಟಗಳನ್ನು ದಾಟಿ ಹದಿಮೂರು ಹೆಜ್ಜೆ ಆಚೆಗೆ ಇನ್ನೂರು ಮುಗಿಯಿತು. ಹಾಲ್ಡೇನ್ ಕೋಲನ್ನು ತನ್ನ ಟೇಪಿಗೆ ಹಿಡಿದು ನೋಡಿದ, ತಲೆಯಾಡಿಸಿದ.

“ಸರಿ, ಗಜ ನಿಮ್ಮದೇ. ಆದ್ರೆ ಇದು ಪವಿತ್ರ ಸ್ಥಳ ಅಂತ ಹೇಳೋದು ಯಾರು? ಒಳಗೆ ಮಲಗಿರೋದು ಯಾರು, ಯಾವ ವಂಶ, ಏನೂ ಗೊತ್ತಿಲ್ಲ. ನೀವು ಬರೆದು ಮೊಹರು ಒತ್ತಿ ಕೊಡಿ. ಗೂಟ ಕೀಳಿಸ್ತೀನಿ.”

ಸಂಜೆ ಮಿರ್ಜಾ ನನೆಯ ಗುಡಿಸಲಿಗೆ ಹೋದ. ಅವಳು ಆಡಿನ ಕೆಚ್ಚಲು ತೊಳೆಯುತ್ತಿದ್ದಳು.

“ನನೆ, ಒಳಗಿರೋದು ಯಾರು?”

“ಪೀರ್ ಗರೀಬ.”

“ಅದು ಗೊತ್ತು. ಇಮಾಮರ ಸಂತತಿಯಾ? ದೊಡ್ಡ ದರ್ವೇಶಿಯಾ? ಏನಾದ್ರೂ ಪವಾಡ?”

ನನೆ ಕೈ ಒರೆಸಿಕೊಂಡಳು. “ನಿನ್ನ ಹತ್ರ ಸುಳ್ಳು ಯಾಕೆ ಹೇಳಲಿ ಮಗಾ. ನಮ್ಮಜ್ಜಿ ಕಾಲದಲ್ಲಿ ಒಬ್ಬ ಈ ದಾರೀಲಿ ಬಂದ. ಜ್ವರ ಇತ್ತಂತೆ. ಅವನ ಮಾತು ಯಾರಿಗೂ ತಿಳೀಲಿಲ್ಲ. ಮೂರು ದಿನ ನಮ್ಮಜ್ಜಿ ನೀರು ಕುಡಿಸಿದ್ಲು. ನಾಲ್ಕನೇ ದಿನ ಪ್ರಾಣ ಹೋಯ್ತು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅಳೋರೂ ಇರಲಿಲ್ಲ ಅಂತ ನಮ್ಮಜ್ಜೀನೇ ಅತ್ತಳಂತೆ. ಆಮೇಲೆ ಅವಳು ದೀಪ ಇಟ್ಲು, ನಮ್ಮಮ್ಮ ಇಟ್ಲು, ಈಗ ನಾನು ಇಡ್ತಿದೀನಿ.”

“ಅಷ್ಟೇನಾ?”

“ಇನ್ನೆಷ್ಟು ಬೇಕಿತ್ತು?”

ಮಿರ್ಜಾ ಕೋಣೆಗೆ ಬಂದು ಕಾಗದ ಹರಡಿಕೊಂಡು ಕೂತ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ತನ್ನ ಮೊಹರಿನ ಮೇಲೆ ಒಂದು ಸುಳ್ಳು ಅಕ್ಷರ ಬರೆದವನಲ್ಲ. ಅಲ್ಲಿ ಮಲಗಿರುವವನು ಸಂತನಲ್ಲ ಎಂದು ಅವನಿಗೆ ಈಗ ಗೊತ್ತಿತ್ತು. ಮಾತು ತಿಳಿಯದವರ ನಡುವೆ ಮೂರು ದಿನ ಬದುಕಿದ್ದವನು ಅಷ್ಟೇ. ಆದರೂ ಅವನಿಗಾಗಿ ಮೂರು ತಲೆಮಾರು ಎಣ್ಣೆ ಸುಟ್ಟಿತ್ತು. ಬಹಳ ಹೊತ್ತು ಲೇಖನಿ ಹಿಡಿದು ಕೂತಿದ್ದು, ಕೊನೆಗೆ ತನ್ನ ಅಂದದ ಕೈಬರಹದಲ್ಲಿ ಎರಡೇ ಸಾಲು ಬರೆದ: “ಈ ಜಾಗ ಪವಿತ್ರವಾದದ್ದು. ಇದನ್ನು ನಾನು ಬಲ್ಲೆ.” ಮೊಹರು ಒತ್ತಿದ.

ಗೂಟ ಕಿತ್ತರು. ಹಳ್ಳದ ಆಚೆಯ ದಂಡೆಯಲ್ಲಿ ಹೊಸದಾಗಿ ಬಂಡೆ ಒಡೆಯುವ ಕೆಲಸ ಶುರುವಾಯಿತು. ಆ ದಂಡೆಯಲ್ಲಿ ನೆರಳೆಂಬುದೇ ಇರಲಿಲ್ಲ. ಒಬ್ಬ ಆಳು ಬಿಸಿಲು ಬಡಿದು ಬಿದ್ದು ಎರಡು ದಿನ ಕನವರಿಸಿದ. ಮಿರ್ಜಾ ದಾಳಿಂಬೆ ಶರಬತ್ತು ಹಿಡಿದು ನೋಡಲು ಹೋದಾಗ ಯಾರ್‌ಮುರಾದ್ ಡೇರೆಯ ಬಾಗಿಲಲ್ಲೇ ಅಡ್ಡ ನಿಂತ.

“ಸತ್ತೋನಿಗೆ ಇನ್ನೂರು ಗಜ ಅಳೆದು ಕೊಟ್ರಿ ಮಿರ್ಜಾ ಸಾಹೇಬ್ರೆ. ಬದುಕಿರೋನಿಗೆ ಎಷ್ಟು ಗಜ ಅಂತ ನಿಮ್ಮ ಕರಾರಲ್ಲಿ ಬರೆದಿಲ್ವಾ?”

ಬರೆದಿರಲಿಲ್ಲ. ಮಿರ್ಜಾ ಶರಬತ್ತಿನ ಹೂಜಿಯನ್ನು ಬಾಗಿಲ ಬಳಿ ಇಟ್ಟು ಬಂದ. ಮರುದಿನ ನೋಡಿದರೆ ಅದು ಅಲ್ಲೇ ಇತ್ತು, ಇರುವೆ ಮುತ್ತಿತ್ತು. ಅವತ್ತಿನಿಂದ ಕೂಲಿಯವರು ಅವನಿಗೆ ಸಲಾಮು ಹೇಳುವುದನ್ನೂ ಬಿಟ್ಟರು. ಬೆನ್ನ ಹಿಂದೆ ‘ಗಜದ ಮಿರ್ಜಾ’ ಎನ್ನುವುದು ಅವನ ಕಿವಿಗೂ ಬೀಳುತ್ತಿತ್ತು.

ಹೊಸ ಬಾವಿಯನ್ನು ಐದು ತಿಂಗಳು ಕೊರೆದರು. ಬಂದಿದ್ದು ಉಪ್ಪುನೀರು. ಆರನೇ ತಿಂಗಳು ಕೊರೆಯುವ ಉಳಿ ಬಂಡೆಯಲ್ಲಿ ಸಿಕ್ಕಿ ಮುರಿಯಿತು. ಮೊದಲ ಬಾವಿಯಲ್ಲೂ ದಿನಕ್ಕೆ ಕೆಲವು ಪೀಪಾಯಿ ಬಿಟ್ಟರೆ ಏನೂ ಇರಲಿಲ್ಲ. ಶರತ್ಕಾಲದಲ್ಲಿ ಕಂಪನಿಯ ತಂತಿ ಬಂತು: ಇಲ್ಲಿಯ ಕೆಲಸ ಸಾಕು, ಯಂತ್ರ ಬಿಚ್ಚಿ ದಕ್ಷಿಣಕ್ಕೆ ಸಾಗಿಸಿ.

ಹೊರಡುವ ದಿನ ಹಾಲ್ಡೇನ್ ತಾನಾಗಿ ಮಿರ್ಜಾನ ಕೋಣೆಗೆ ಬಂದ. ಟೋಪಿ ಕೈಯಲ್ಲಿತ್ತು.

“ಎಣ್ಣೆ ನಿಮ್ಮ ಇನ್ನೂರು ಗಜದ ಒಳಗೇ ಇತ್ತೋ ಏನೋ,” ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ಇತ್ತಾ?”

“ಯಾರಿಗ್ಗೊತ್ತು. ಇಲ್ಲದೆಯೂ ಇರಬಹುದು.” ಕೈ ಚಾಚಿ ಮಿರ್ಜಾನ ಕೈ ಕುಲುಕಿದ. “ಹೇಳಿದ ಮಾತು ಬಿಡಲಿಲ್ಲ ನೀವು. ಅದು ನನಗೆ ಇಷ್ಟ ಆಯ್ತು. ಬಾವಿ ಮಾತ್ರ ನನಗೆ ಬೇಕಾಗಿತ್ತು.”

ಹೇಸರಗತ್ತೆಗಳ ಸಾಲು ಎರಡು ದಿನ ಹೋಗುತ್ತಲೇ ಇತ್ತು. ಕೂಲಿಯವರು ಡೇರೆ ಮಡಚಿಕೊಂಡು ತಮ್ಮ ತಮ್ಮ ಕಣಿವೆಗಳಿಗೆ ಚದುರಿದರು. ಯಾರೂ ಮಿರ್ಜಾನಿಗೆ ಹೋಗಿಬರುತ್ತೇವೆಂದು ಹೇಳಲಿಲ್ಲ. ಅಪ್ಪಣೆ ಬರುವವರೆಗೆ ಜಾಗ ಬಿಡುವುದು ಸರ್ಕಾರಿ ನೌಕರನಿಗೆ ಸಲ್ಲದು ಎಂದುಕೊಂಡು ಅವನು ಉಳಿದ.

ಒಬ್ಬನೇ ಇದ್ದಾಗ ಹಾಲ್ಡೇನನ ಮಾತು ಅವನನ್ನು ಬಿಡಲಿಲ್ಲ. ಒಂದು ವೇಳೆ ಆ ಗೂಟಗಳ ಕೆಳಗೇ ಎಣ್ಣೆ ಇದ್ದಿದ್ದರೆ? ಯಾರ್‌ಮುರಾದನ ನೂರು ಜನಕ್ಕೆ ವರ್ಷಗಟ್ಟಲೆ ಕೆಲಸ ಇರುತ್ತಿತ್ತು, ಊಟೆಯ ಸುತ್ತ ಒಂದು ಪೇಟೆಯೇ ಏಳುತ್ತಿತ್ತು. ಹೆಸರಿಲ್ಲದ ಒಬ್ಬ ಹೆಣಕ್ಕಾಗಿ ಅದೆಲ್ಲವನ್ನೂ ತಪ್ಪಿಸಿಬಿಟ್ಟೆನೇ? ಈ ಪ್ರಶ್ನೆಯನ್ನು ವರದಿಯಲ್ಲಿ ಬರೆಯಲು ಕೂತ, ಹರಿದುಹಾಕಿದ.

ಚಳಿಗಾಲದ ನಡುವೆ ಉಪ್ಪಿನ ಸಾಗಣೆಯವರ ಕೈಯಲ್ಲಿ ತೆಹರಾನಿನಿಂದ ಮೊದಲ ಕಾಗದ ಬಂತು. ಕಮಿಷನರ್ ಬದಲಾಗಿದ್ದರು. ಹೊಸಬರ ಕಾರ್ಯದರ್ಶಿ ಬರೆದಿದ್ದ: ಕರಾರಿನಲ್ಲಿ ಒಬ್ಬ ಕಮಿಷನರ್ ಎಂದು ಮಾತ್ರ ಇದೆ, ಬದಲಿ ಎಂಬ ಹುದ್ದೆಯೇ ಇಲ್ಲ, ತಾವು ಯಾರು, ಅಲ್ಲಿ ಯಾರ ಅಪ್ಪಣೆಯಿಂದ ಇದ್ದೀರಿ, ತಿಳಿಸಬೇಕು.

ಮಿರ್ಜಾ ಕಾಗದ ಹಿಡಿದು ನನೆಯ ಗುಡಿಸಲಿಗೆ ಹೋದ. ಹೊರಗೆ ಹಿಮದ ಜೊತೆ ಮಳೆ ಬೀಳುತ್ತಿತ್ತು. ಅವನು ಓದಿ ಹೇಳಿದ. ನನೆಗೆ ಹುದ್ದೆ, ಬದಲಿ ಒಂದೂ ಅರ್ಥವಾಗಲಿಲ್ಲ.

“ಏನಂತೆ ಅವರಿಗೆ?”

“ನಾನು ಯಾರು ಅಂತ ಕೇಳ್ತಿದಾರೆ.”

“ಇಷ್ಟು ವರ್ಷ ಆದ್ಮೇಲಾ?” ನನೆ ಒಲೆಗೆ ಒಣ ಬೆರಣಿ ತಳ್ಳಿದಳು. “ಇಲ್ಲೇ ಇರು ಮಗಾ. ನಂಗೂ ಕಣ್ಣು ಮಂಜಾಗಿದೆ. ಆಡು ಯಾವುದು, ಕಲ್ಲು ಯಾವುದು, ಒಂದೂ ತಿಳಿಯಲ್ಲ.”

ಇರಬೇಕೆಂದು ಅವನಿಗೆ ಅನ್ನಿಸಿತು. ನಾಲ್ಕು ತಿಂಗಳು ಇದ್ದೂ ಇದ್ದ. ಆಡು ಹುಡುಕಿ ತಂದ, ಗುಮ್ಮಟದ ಬಿರುಕಿಗೆ ಮಣ್ಣು ಮೆತ್ತಿದ. ಆದರೆ ಅವನ ಬಳಿ ಹಿಟ್ಟು ತೀರುತ್ತ ಬಂತು, ನನೆಯ ಹಿಟ್ಟನ್ನು ಇಬ್ಬರು ತಿನ್ನುವಂತಿರಲಿಲ್ಲ. ಗುಡ್ಡ ಹಸಿರಾಗುವ ಹೊತ್ತಿಗೆ ಉಪ್ಪಿನವರು ಮತ್ತೆ ಬಂದರು. ಅವರ ಜೊತೆ ಹೊರಟ. ನನೆ ಗೋರಿಯ ಬಾಗಿಲವರೆಗೆ ಬಂದು, ಅವನ ಭುಜವನ್ನು ಕೈಯಿಂದ ತಡಕಿ ಗುರುತು ಹಿಡಿದು, ಎರಡು ರೊಟ್ಟಿ ಕಟ್ಟಿಕೊಟ್ಟಳು.

ತೆಹರಾನಿಗೆ ಅವನು ಹೋಗಲಿಲ್ಲ. ಕರ್ಮಾನ್‌ಶಾಹಿನ ಬಜಾರಿನಲ್ಲಿ, ಜೀನು ಹೊಲಿಯುವವರ ಸಾಲಿನ ತುದಿಯಲ್ಲಿ ಒಂದು ಚಾಪೆ ಹಾಸಿಕೊಂಡು, ಓದುಬರಹ ಬಾರದವರಿಗೆ ಕಾಗದ ಬರೆದುಕೊಡಲು ಕೂತ. ಅಕ್ಷರ ಚೆಂದ ಎಂದು ಜನ ಹುಡುಕಿಕೊಂಡು ಬರುತ್ತಿದ್ದರು. ಹೇಳಿದ್ದನ್ನು ಬರೆದು ಮುಗಿಸಿದ ಕೂಡಲೇ ಎದ್ದು ಹೋಗುತ್ತಿದ್ದರು.

ಮೂರು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಆ ಉಪ್ಪಿನವರಲ್ಲೇ ಒಬ್ಬ ಮಗಳ ಮದುವೆಯ ಕಾಗದ ಬರೆಸಲು ಬಂದ. ಮಿರ್ಜಾ ಚಹಾ ತರಿಸಿ ಚಶ್ಮೆಸಿಯಾದ ಸುದ್ದಿ ಕೇಳಿದ.

“ಅಲ್ಲೇನಿದೆ ಸಾಹೇಬ್ರೆ. ಆ ಮುದುಕಿ ಹೋದ ಚಳೀಲಿ ತೀರ್ಕೊಂಡ್ಲು. ನಮ್ಮೋರೇ ಹೋದಾಗ ನೋಡಿದ್ದು. ಪೀರನ ಪಕ್ಕದಲ್ಲೇ ಹೂಳಿದ್ವಿ.”

ಮಿರ್ಜಾ ಚಹಾದ ಲೋಟ ಕೆಳಗಿಟ್ಟ. “ಯಾವ ಪಕ್ಕ?” ಎಂದ.

“ಏನು?”

“ಪೀರನ ಯಾವ ಪಕ್ಕ? ಗುಡ್ಡದ ಕಡೆಗಾ, ಹಳ್ಳದ ಕಡೆಗಾ?”

ಉಪ್ಪಿನವನು ತಲೆ ಕೆರೆದುಕೊಂಡ. “ನಂಗೆ ಜ್ಞಾಪಕ ಇಲ್ಲ ಸಾಹೇಬ್ರೆ. ಮಳೆ ಬರ್ತಿತ್ತು. ಉಪ್ಪು ಕರಗೋಗುತ್ತೆ ಅಂತ ಬೇಗ ಬೇಗ ಮುಗಿಸಿ ಹೊರಟ್ವಿ.”

“ಹ್ಞೂಂ,” ಎಂದ ಮಿರ್ಜಾ. ಲೇಖನಿಯನ್ನು ಮಸಿಯಲ್ಲಿ ಅದ್ದಿ, ಮದುವೆ ಯಾವ ದಿನ, ಹುಡುಗನ ಹೆಸರೇನು ಎಂದು ಕೇಳಿ ಬರೆಯತೊಡಗಿದ.