ನಾಲ್ಕು ನಿಮಿಷದ ನಕ್ಷೆ

ಹಸಿರು ದೀಪ ಮಿನುಗುತ್ತಿದೆ, ಅದಕ್ಕೊಂದು ಚಿಂತೆಯಿಲ್ಲ, ಕಂಪ್ಯೂಟರಿನ ಬೆನ್ನಿಗೆ ಕೇಬಲ್ ಸಿಕ್ಕಿಸಿದ ಜಾಗದಲ್ಲಿ ಅಕ್ಕಿಕಾಳಿನಷ್ಟು ದೀಪ, ಮಿನುಗುತ್ತಿದೆ ಅಂದರೆ ಏನೋ ಬರುತ್ತಿದೆ ಎಂದೇ ಅರ್ಥ, ಆದರೆ ಪರದೆಯ ಮೇಲಿನ ಪಟ್ಟಿ ಶೇಕಡಾ ಮೂವತ್ತೊಂದಕ್ಕೆ ಬಂದು ಕೂತುಬಿಟ್ಟಿದೆ — ಮೂವತ್ತೊಂದು, ಮೂವತ್ತೊಂದು, ಈಗ ಮೂವತ್ತೆರಡು — ನಾನು ಮೇಜಿನ ಕೆಳಗೆ ಮಂಡಿಯೂರಿದ್ದೇನೆ, ಕುತ್ತಿಗೆ ಹಿಡಿದುಕೊಂಡಿದೆ, ಪಕ್ಕದ ಮೇಜಿನಲ್ಲಿ ಹೊಸ ಆಪರೇಟರ್ ಯಾರಿಗೋ ವಿಳಾಸ ಕೇಳುತ್ತಿದ್ದಾಳೆ, ಹೇಳಿ, ಯಾವ ರಸ್ತೆ, ಎಷ್ಟನೇ ಮಹಡಿ, ಒಳಗೆ ಯಾರಾದ್ರೂ ಇದ್ದಾರಾ, ಅವಳ ದನಿಯಲ್ಲಿ ನಡುಕವಿದೆ, ಅಕ್ಕನ ದನಿಯಲ್ಲಿ ಇರುತ್ತಿರಲಿಲ್ಲ, ಈ ಅಗ್ನಿಶಾಮಕ ಠಾಣೆಯ ಕಂಟ್ರೋಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಅಕ್ಕ ಇದೇ ಮೇಜಿನಲ್ಲಿ ಕೂತು ಮಾತಾಡಿದಳು, ಬೆಂಕಿಗೆ ಹೋದವರೆಲ್ಲ ವೈರ್‌ಲೆಸ್ಸಿನಲ್ಲಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರು ಕೂಡ, ಅಷ್ಟು ಜನರಲ್ಲಿ ಒಡಹುಟ್ಟಿದವಳು ನಾನೊಬ್ಬಳೇ, ಅವಳ ಕಂಪ್ಯೂಟರ್ ನೋಡಿಕೊಳ್ಳುವವಳೂ ನಾನೇ, ಕೆಳಗೆ ಅವಳ ಬಟ್ಟೆಯ ಚಪ್ಪಲಿ ಇನ್ನೂ ಇದೆ, ಕೂತು ಕೂತು ಕಾಲು ಊದುತ್ತೆ ಅಂತ ತಂದಿಟ್ಟುಕೊಂಡದ್ದು, ಒಂಬತ್ತು ದಿನದಿಂದ ಯಾರೂ ಮೆಟ್ಟಿಲ್ಲ, ಮನೆಗೆ ಒಯ್ಯಲೇ ಎಂದು ಎತ್ತಿಕೊಂಡೆ, ಮತ್ತೆ ಅಲ್ಲೇ ಇಟ್ಟೆ, ಒಯ್ದರೆ ಅವಳು ಇನ್ನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಮೂವತ್ತನಾಲ್ಕು. ನಿನ್ನ ಕಂಪ್ಯೂಟರು ನಕ್ಷೆ ತೆರೆಯೋಕೆ ಒಂದು ಯುಗ ತಗೊಳ್ಳುತ್ತೆ ಕಣೇ, ಅಂದಿದ್ದಳು ಅಕ್ಕ, ಒಂದು ಸಲವಲ್ಲ, ಮೂರು ಸಲ, ಮೊದಲನೆಯದು ಇಲ್ಲಿ, ನಡೆಯುತ್ತ ನಡೆಯುತ್ತ, ಎರಡನೆಯದು ಫೋನಿನಲ್ಲಿ, ಮೂರನೆಯದು ಅವಳ ಮನೆಯ ಅಡುಗೆಮನೆಯಲ್ಲಿ, ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣಲ್ಲಿ ನೀರು ಸುರೀತಿತ್ತು, ನಿನಗೆ ಎಲ್ಲದಕ್ಕೂ ಅವಸರ ಕಣಕ್ಕ, ಒಂದ್ಸಲ ಆಫ್ ಮಾಡಿ ಆನ್ ಮಾಡು, ಸರಿಹೋಗುತ್ತೆ ಅಂದೆ, ಮಾಡ್ದೆ ಕಣೇ, ಸರಿಹೋಗ್ಲಿಲ್ಲ ಅಂದಳು, ನೋಡ್ತೀನಿ ಬಿಡು ಅಂದೆ, ನೋಡಲಿಲ್ಲ.

ಈಗ ನೋಡುತ್ತಿದ್ದೇನೆ, ಈಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೇನೆ, ಬೆಳಿಗ್ಗೆ ಒಂಬತ್ತರಿಂದ, ಮೂರು ಗಂಟೆಗೆ ತನಿಖಾಧಿಕಾರಿ ಬರುತ್ತಾರೆ, ಕೇಬಲ್ ಬದಲಾಯಿಸಿದೆ, ಅದೇ ಹಾಡು, ಗೋಡೆಯ ಇನ್ನೊಂದು ತೂತಿಗೆ ಸಿಕ್ಕಿಸಿದೆ, ಅದೇ, ಅದೇ ಕೇಬಲನ್ನು ಅಕ್ಕನ ಬದಲಿಗೆ ಬಂದ ಹೊಸ ಆಪರೇಟರಿಗೆಂದು ಮೊನ್ನೆ ತಂದಿಟ್ಟ ಕಂಪ್ಯೂಟರಿಗೆ ಹಾಕಿದೆ, ಅಲ್ಲಿ ಅದೇ ನಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಅಂದರೆ ನಕ್ಷೆಗಳನ್ನು ಇಟ್ಟಿರುವ ಒಳಕೋಣೆಯ ದೊಡ್ಡ ಯಂತ್ರದ ತಪ್ಪಲ್ಲ, ದಾರಿಯ ತಪ್ಪೂ ಅಲ್ಲ, ತಪ್ಪು ಇರುವುದು ಇದೊಂದರ ಒಳಗೆ, ಅಕ್ಕನದರ ಒಳಗೆ, ಅದಕ್ಕೂ ಒಂದು ಸೊಕ್ಕು, ಚಿಕ್ಕ ಫೈಲು ಕೊಟ್ಟರೆ ತಕ್ಷಣ ತೆರೆಯುತ್ತದೆ, ಕರೆಗಳ ಪಟ್ಟಿ, ಲಾರಿಗಳ ಪಟ್ಟಿ, ಎಲ್ಲ ಚಕಚಕ, ಇಲ್ಲಿಂದ ಅಲ್ಲಿಗೆ ಎಷ್ಟು ದೊಡ್ಡದನ್ನು ಕಳಿಸಿದರೂ ಸರಾಗ, ಅಲ್ಲಿಂದ ಇಲ್ಲಿಗೆ ದೊಡ್ಡದು ಬರುವಾಗ ಮಾತ್ರ ಏದುಸಿರು, ದೊಡ್ಡದು ಅಂದರೆ ನಕ್ಷೆಯೇ, ಇಲ್ಲಿ ಬೇರೆ ಯಾವುದಿದೆ ದೊಡ್ಡದು. ಮೊದಲು ಊರಿನ ದೊಡ್ಡ ಕಟ್ಟಡಗಳ ನಕ್ಷೆಯೆಲ್ಲ ಕಾಗದದಲ್ಲೇ ಇತ್ತು, ಕಬ್ಬಿಣದ ಕಪಾಟಿನಲ್ಲಿ, ಮಡಿಕೆ ಮಡಿಕೆಯಾಗಿ, ಅಕ್ಕ ಕಣ್ಣು ಮುಚ್ಚಿಕೊಂಡು ಎಳೆದು ತೆಗೆಯುತ್ತಿದ್ದಳು, ಅದನ್ನೆಲ್ಲ ಫೋಟೋ ತೆಗೆಸಿ ಯಂತ್ರಕ್ಕೆ ತುಂಬಿಸಿದವಳು ನಾನು, ಕಪಾಟು ಹೊರಗೆ ಹಾಕಿಸಿದವಳೂ ನಾನು, ಕಪಾಟು ಇರ್ಲಿ ಬಿಡೇ ಅಂದಳು, ಜಾಗ ತಿನ್ನುತ್ತೆ ಅಂದೆ. ಅದನ್ನು ಎತ್ತಿ ಹೊರಗೆ ಸಾಗಿಸಿದವನು ಏಣಿ, ಒಬ್ಬನೇ, ಆರಡಿ ನಾಲ್ಕಂಗುಲ, ಬೆಂಕಿ ಆರಿಸುವವನಿಗೆ ಏಣಿ ಅನ್ನುವ ಅಡ್ಡಹೆಸರು ಎಂಥ ಗೊಂದಲ, ಏಣಿ ಎಲ್ಲಿ ಅಂದರೆ ಟೀ ಕುಡೀತಿದೆ ಅನ್ನುತ್ತಿದ್ದರು ಹುಡುಗರು, ಕಪಾಟನ್ನು ಬೆನ್ನಿಗೆ ಹಾಕಿಕೊಂಡು ಬಾಗಿಲಲ್ಲಿ ತಲೆ ತಗ್ಗಿಸಿ, ಅಕ್ಕಾ, ನಿಮ್ಮ ತಂಗಿ ನಿಮ್ಮ ಸಂಸಾರಾನೇ ಹೊರಗೆ ಹಾಕಿಸ್ತಿದ್ದಾರೆ ನೋಡಿ ಅಂದ, ಅಕ್ಕ ನಕ್ಕಳು, ನಾನೂ ನಕ್ಕೆ.

ಏಣಿ ಈಗಿಲ್ಲ. ಒಂಬತ್ತು ದಿನದ ಹಿಂದೆ, ನಡು ಮಧ್ಯಾಹ್ನ, ಹಳೆಯ ಮುದ್ರಣಾಲಯದ ಕಟ್ಟಡ, ಎರಡನೆಯ ಮಹಡಿಯಲ್ಲಿ ಕಾಗದದ ರಾಶಿಗೆ ಬೆಂಕಿ, ಕೆಲಸದ ಹೆಂಗಸರನ್ನೆಲ್ಲ ಕೆಳಗಿಳಿಸಿ ಏಣಿ ಕೊನೆಯವನಾಗಿ ಉಳಿದ, ಬಂದ ಮೆಟ್ಟಿಲು ಉರಿಯುತ್ತಿತ್ತು, ಹೊಗೆಯಲ್ಲಿ ಗೋಡೆ ತಡಕುತ್ತ ಒಂದು ಕಡೆ ಬಂದು ನಿಂತ, ಅಲ್ಲಿ ದಾರಿ ಎರಡಾಗುತ್ತದೆ, ವೈರ್‌ಲೆಸ್ಸಿನ ಧ್ವನಿಮುದ್ರಣವನ್ನು ನನಗೂ ಕೇಳಿಸಿದರು, ಕೇಳಿಸಬಾರದಿತ್ತು, ಅಕ್ಕಾ, ಹಿಂದಿನ ಮೆಟ್ಟಿಲು ಯಾವ ಕಡೆ, ಎಡಕ್ಕಾ ಬಲಕ್ಕಾ, ಅವನ ದನಿ ಕಪಾಟು ಹೊತ್ತಾಗಿನಷ್ಟೇ ಸಮಾಧಾನವಾಗಿತ್ತು, ನಕ್ಷೆ ಬರ್ತಾ ಇದೆ ಕಣಪ್ಪ, ಸ್ವಲ್ಪ ಇರು ಅಂದಳು ಅಕ್ಕ, ಅರ್ಧ ನಿಮಿಷ, ಅಕ್ಕಾ, ಬರ್ತಾ ಇದೆ ಕಣಪ್ಪ, ಕೆಳಗಿನ ಭಾಗ ಬಂದಿಲ್ಲ, ಗೊತ್ತಿಲ್ಲದೆ ಹೇಳಲಾರೆ, ಬಗ್ಗಿ ಕೂತ್ಕೊ, ಕೆಮ್ಮು, ಅಕ್ಕಾ, ನಿಲ್ಲೋಕಾಗಲ್ಲ, ಎಡಕ್ಕೆ ಹೋಗ್ತೀನಿ, ಆಮೇಲೆ ಇಪ್ಪತ್ತು ಸೆಕೆಂಡು ಏನೂ ಇಲ್ಲ, ಆಮೇಲೆ ಅಕ್ಕನ ಗಂಟಲು, ಬಲಕ್ಕೆ, ಬಲಕ್ಕೆ ಬಾ, ಎಡಕ್ಕೆ ಗೋಡೆ ಕಟ್ಟಿದೆ, ಬಲಕ್ಕೆ — ಹನ್ನೊಂದು ಸಲ ಅಂದಿದ್ದಾಳೆ, ಎಣಿಸಿದ್ದೇನೆ. ನಕ್ಷೆ ಪೂರ್ತಿ ತೆರೆಯಲು ನಾಲ್ಕು ನಿಮಿಷ ಹತ್ತು ಸೆಕೆಂಡು. ಆಪರೇಟರ್ ನಕ್ಷೆ ತೆಗೆಯುವುದರಲ್ಲಿ ವಿಳಂಬ ಮಾಡಿದರು, ಹೀಗೆ ಬರೆದಿದ್ದಾರೆ ಅಕ್ಕನಿಗೆ ಕೊಟ್ಟ ಕಾಗದದಲ್ಲಿ, ತನಿಖೆ ಮುಗಿಯುವವರೆಗೆ ಮನೆಯಲ್ಲಿರಿ ಎಂದರು, ಅಕ್ಕ ಮನೆಯಲ್ಲಿದ್ದಾಳೆ, ಬಾಲ್ಕನಿಯಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದು ಹರವುತ್ತಿದ್ದಾಳೆ, ಅವಳ ಗಂಡ, ನಮ್ಮ ಭಾವ, ನನಗೆ ಫೋನ್ ಮಾಡಿ, ನೀನೇ ಏನಾದ್ರೂ ಹೇಳಮ್ಮ, ನನ್ನ ಹತ್ರ ಬಾಯೇ ಬಿಡ್ತಿಲ್ಲ ಅಂದರು. ನಾನು ಏನು ಹೇಳಲಿ ಭಾವ.

ಮುಗಿಯಿತು, ನೂರು, ನಾಲ್ಕು ನಿಮಿಷ ಆರು ಸೆಕೆಂಡು. ಇನ್ನು ಉಳಿದಿರುವುದು ಒಂದೇ ಜಾಗ, ಅಲ್ಲಿಗೆ ಹೋಗಲು ಬೆಳಿಗ್ಗೆಯಿಂದ ಕಾಲೆಳೆಯುತ್ತಿದ್ದೇನೆ ಎಂದು ನನಗೇ ಗೊತ್ತು, ಡ್ರೈವರ್, ಕೇಬಲ್ ಸಿಕ್ಕಿಸುವ ಕಾರ್ಡು ಮತ್ತು ಕಂಪ್ಯೂಟರ್ ಒಂದರ ಮಾತು ಇನ್ನೊಂದಕ್ಕೆ ತಿಳಿಯುವ ಹಾಗೆ ನಡುವೆ ನಿಂತಿರುವ ಪುಟ್ಟ ಪ್ರೋಗ್ರಾಮು, ಮೌಸ್ ಒತ್ತಿದೆ, ತಾರೀಖು ಬಂತು, ಎರಡು ತಿಂಗಳ ಹಿಂದಿನದು, ಹಾಕಿದವರ ಹೆಸರಿನ ಜಾಗದಲ್ಲಿ ನನ್ನದೇ ಲಾಗಿನ್. ಕೈಕಾಲು ತಣ್ಣಗಾಯಿತು ಎನ್ನುತ್ತಾರಲ್ಲ, ಹಾಗಾಗಲಿಲ್ಲ, ಬೆವರಿತು, ಕಿವಿಯ ಹಿಂದೆ. ಹೌದು, ನೆನಪಿದೆ, ಠಾಣೆಯ ಕಂಪ್ಯೂಟರುಗಳ ಪಟ್ಟಿಯಲ್ಲಿ ಇದರ ಮುಂದೆ ಹಳದಿ ಗುರುತು ಇತ್ತು, ಹೊಸ ಡ್ರೈವರ್ ಬಂದಿದೆ ಎಂದು, ಏನೂ ಕೆಟ್ಟಿರಲಿಲ್ಲ, ಹಳದಿ ನನ್ನ ಕಣ್ಣಿಗೆ ಚುಚ್ಚುತ್ತಿತ್ತು ಅಷ್ಟೇ, ಎಲ್ಲ ಹಸಿರಾಗಿರಲಿ ಎಂದು ಒತ್ತಿದೆ, ದೊಡ್ಡ ನಕ್ಷೆಯೊಂದನ್ನು ತೆರೆದು ನೋಡಬೇಕಿತ್ತು, ನೋಡಲಿಲ್ಲ, ಊಟದ ಹೊತ್ತಾಗಿತ್ತು. ಫೈಲು ಇಡಿಯಾಗಿ ಬರುವುದಿಲ್ಲ, ಸಾವಿರಾರು ತುಂಡಾಗಿ ಬರುತ್ತದೆ, ಬಂದ ತುಂಡುಗಳನ್ನು ಹತ್ತಿಪ್ಪತ್ತು ಸೇರಿಸಿ ಕಟ್ಟು ಕಟ್ಟಿ ಒಳಗೆ ಕೊಡುವುದು ಹೊಸ ಡ್ರೈವರಿನ ಜಾಣತನ, ಕಟ್ಟುವಾಗ ಕೆಲವನ್ನು ಬೀಳಿಸುತ್ತದೆ, ಬಿದ್ದದ್ದನ್ನು ಮತ್ತೆ ಕಳಿಸು ಎಂದು ಕೇಳಬೇಕು, ಕಾಯಬೇಕು, ಬಂದದ್ದರಲ್ಲಿ ಮತ್ತೆ ಬೀಳಿಸುತ್ತದೆ, ಚಿಕ್ಕ ಫೈಲಿನಲ್ಲಿ ಕಟ್ಟುವುದಕ್ಕೆ ಏನೂ ಇಲ್ಲ, ಅದಕ್ಕೇ ಅದು ಸರಾಗ. ಆ ಜಾಣತನದ ಮುಂದೆ ಒಂದು ಟಿಕ್ ಗುರುತು. ತೆಗೆದೆ. ನಕ್ಷೆ ಎಳೆದೆ. ಒಂಬತ್ತು ಸೆಕೆಂಡು. ನಂಬಲಿಲ್ಲ, ಮತ್ತೆ ಎಳೆದೆ, ಒಂಬತ್ತು. ಸಂತೋಷವಾಯಿತು, ದೇವರಾಣೆ, ಒಂದು ಕ್ಷಣ ಸಂತೋಷವೇ ಆಯಿತು, ಗಂಟು ಬಿಚ್ಚಿದ ಸಂತೋಷ, ಅದಕ್ಕೆ ನನ್ನನ್ನು ನಾನು ಯಾವತ್ತಿಗೂ ಕ್ಷಮಿಸಲಾರೆ.

ಹೋಗಿ ಠಾಣೆಯ ಮುಖ್ಯಸ್ಥರಿಗೆ ಹೇಳಿದೆ, ಸರ್, ಡ್ರೈವರ್ ತಪ್ಪು, ಅವರು ಗಾಬರಿಯಾಗಿ, ಯಾವ ಲಾರಿಯ ಡ್ರೈವರಮ್ಮ ಅಂದರು, ನಗು ಬರಬೇಕಿತ್ತು, ವಿವರಿಸಿದೆ, ತುಂಡು, ಕಟ್ಟು, ಟಿಕ್ ಗುರುತು, ಕೇಳಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಈಗ ಸರಿ ಹೋಗಿದೆಯಲ್ಲ, ಹೋಗಿದೆ ಸರ್, ಹಾಗಾದ್ರೆ ಹಾಗೇ ಬಿಡಿ, ಬಂದವರು ನೋಡ್ತಾರೆ, ಬೇಗ ತೆರೆಯುತ್ತೆ, ಅವರಿಗೆ ಇದೆಲ್ಲ ಗೊತ್ತಾಗಲ್ಲ, ಆಗ ಅಕ್ಕಂದೇ ತಪ್ಪು ಅಂತಾಗುತ್ತಲ್ಲ ಸರ್, ನಿಮ್ಮ ಅಕ್ಕನಿಗೆ ಇನ್ನು ಮೂರು ವರ್ಷ ಸರ್ವೀಸು, ನಿಮಗೆ ಎಂಟು, ಯೋಚನೆ ಮಾಡಿ, ಅವರೂ ಅದನ್ನೇ ಬಯಸಿದ್ದಾರೆ ಅಂತ ಕಾಣುತ್ತೆ, ಎಂದು ಒಂದು ಹಾಳೆ ನನ್ನ ಕಡೆ ತಳ್ಳಿದರು, ಅಕ್ಕನ ಹೇಳಿಕೆ, ಅವಳ ಉರುಟು ಸಹಿ, ಪ್ರಶ್ನೆ, ನಕ್ಷೆ ನಿಧಾನವಾಗಿ ತೆರೆಯುತ್ತದೆ ಎಂದು ಈ ಮೊದಲು ಯಾರಿಗಾದರೂ ತಿಳಿಸಿದ್ದಿರಾ, ಉತ್ತರ, ಇಲ್ಲ. ಇಲ್ಲ. ಎರಡೇ ಅಕ್ಷರ. ಚಿಕ್ಕವಳಿದ್ದಾಗ ನಾನು ಮುರಿದ ಕಿಟಕಿಗೆ ಅವಳು ಅಪ್ಪನ ಮುಂದೆ ಹೋಗಿ ನಿಂತದ್ದುಂಟು, ಆಗ ಅವಳಿಗೆ ಹನ್ನೊಂದು, ಈಗ ಐವತ್ತೇಳು, ಈಗಲೂ ಹೋಗಿ ನಿಂತಿದ್ದಾಳೆ, ಈ ಸಲ ಸತ್ತಿರುವುದು ಮನುಷ್ಯ. ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆ, ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಸುಮ್ಮನಿರುವುದು ಎಷ್ಟು ಸಲೀಸು, ಬರೀ ಸುಮ್ಮನಿರುವುದು, ಅವಳ ತಲೆಯ ಮೇಲೆ ಗೂಬೆ ಕೂರಿಸುವ ಕೆಲಸವನ್ನೂ ನಾನು ಮಾಡಬೇಕಿಲ್ಲ, ಅವಳೇ ಕೂರಿಸಿಕೊಂಡಿದ್ದಾಳೆ — ಗಡಿಯಾರದಲ್ಲಿ ಎರಡೂ ಮುಕ್ಕಾಲು. ವಾಪಸು ಹೋಗಿ ಅಕ್ಕನ ಕುರ್ಚಿಯಲ್ಲಿ ಕೂತು ಆ ಟಿಕ್ ಗುರುತನ್ನು ಮತ್ತೆ ಹಾಕಿದೆ. ಸರಿ ಮಾಡಿದ್ದನ್ನು ಕೈಯಾರೆ ಕೆಡಿಸಿದೆ. ಕೆಟ್ಟದ್ದು ಕಣ್ಣಿಗೆ ಕಾಣದಿದ್ದರೆ ಯಾರು ನಂಬುತ್ತಾರೆ.

ತನಿಖಾಧಿಕಾರಿ ಸಣ್ಣ ಆಳು, ಪೆನ್ಸಿಲಿನಲ್ಲಿ ಬರೆಯುತ್ತಾರೆ, ಕುರ್ಚಿ ಕೊಟ್ಟರೂ ಕೂರಲಿಲ್ಲ, ಮುಖ್ಯಸ್ಥರು ಅವರ ಹಿಂದೆ, ನನ್ನ ಕಡೆ ನೋಡುತ್ತಿಲ್ಲ, ಸರ್, ಆವತ್ತು ಹೇಗಿತ್ತೋ ಹಾಗೇ ತೋರಿಸ್ತೀನಿ, ಗಡಿಯಾರ ನೋಡ್ಕೊಳ್ಳಿ ಅಂದೆ, ಮುದ್ರಣಾಲಯದ ನಕ್ಷೆಯನ್ನೇ ಒತ್ತಿದೆ, ಬೇರೆ ಯಾವುದಾದರೂ ಸಾಕಿತ್ತು, ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯುತ್ತದೆ, ಮೊದಲು ಕಟ್ಟಡದ ಹೆಸರು, ಆಮೇಲೆ ರಸ್ತೆ, ಮುಂಬಾಗಿಲ ಕಡೆಯ ಗೋಡೆ, ಒಂದು ನಿಮಿಷ, ಯಂತ್ರಗಳ ಕೋಣೆ, ಕಾಗದದ ಕೋಣೆ, ಎರಡು ನಿಮಿಷ, ಉದ್ದನೆಯ ಓಣಿ, ಓಣಿಯ ಕೊನೆಗೆ ದಾರಿ ಎರಡಾಗಿ ಒಡೆಯುವ ಕವಲು, ಅಲ್ಲಿಗೆ ನಿಂತಿತು, ಕೆಳಗೆ ಬರೀ ಬೂದು, ಅಧಿಕಾರಿ ಪೆನ್ಸಿಲು ಎತ್ತಿ ಹಿಡಿದವರು ಹಾಗೇ ಇದ್ದರು, ಅವರು ಇಲ್ಲಿ ಕೂತು ಇದನ್ನೇ ನೋಡ್ತಿದ್ರಾ, ಹೌದು ಸರ್, ಇಷ್ಟು ಹೊತ್ತೂ, ಹೌದು ಸರ್, ಕವಲು, ಕೆಳಗೆ ಬೂದು, ಬೂದು, ಕೊನೆಗೆ ಎಡಕ್ಕೆ ಗೋಡೆ ಬಂತು, ಬಲಕ್ಕೆ ಮೆಟ್ಟಿಲು ಬಂತು, ನಾಲ್ಕು ನಿಮಿಷ ಎಂಟು ಸೆಕೆಂಡು. ಆಮೇಲೆ ಹೇಳಿದೆ, ಡ್ರೈವರ್ ಹಾಕಿದ್ದು ನಾನು, ಹಾಕಿದ ಮೇಲೆ ಪರೀಕ್ಷೆ ಮಾಡಲಿಲ್ಲ, ಅಕ್ಕ ಮೂರು ಸಲ ಹೇಳಿದ್ದಳು, ಅವಳ ಹೇಳಿಕೆ ಸುಳ್ಳು, ನನ್ನನ್ನ ಉಳಿಸೋಕೆ ಹೇಳಿದ್ದು, ಬಾಯಿಯಿಂದ ಹೊರಗೆ ಬಂದಾಗ ಎಷ್ಟು ಚಿಕ್ಕ ಮಾತುಗಳು, ಪೆನ್ಸಿಲು ಸರಸರ ಓಡಿತು, ಸಹಿ ಮಾಡಿ, ಇಲ್ಲಿ, ಇಲ್ಲೂ, ನಿಮ್ಮ ಅಕ್ಕನಿಗೆ ನಾಳೆಯಿಂದ ಕೆಲಸಕ್ಕೆ ಬರೋಕೆ ಹೇಳಿ, ನೀವು ನಾಳೆಯಿಂದ ಬರಬೇಡಿ, ಪತ್ರ ಮನೆಗೆ ಬರುತ್ತೆ.

ಅಕ್ಕನಿಗೆ ಫೋನ್ ಮಾಡಿದೆ, ಹೇಳಿಬಿಟ್ಟೆಯಾ ಅಂದಳು, ಹಲೋ ಕೂಡ ಇಲ್ಲ, ಹೇಳಿದೆ ಕಣಕ್ಕ, ಯಾಕೆ ಹೇಳ್ದೆ, ನಿನ್ನದಲ್ಲ ತಪ್ಪು ಅಕ್ಕ, ನಾಳೆಯಿಂದ ಬರಬಹುದಂತೆ, ಆ ಕಡೆ ಬಟ್ಟೆ ಕೊಡವುವ ಸದ್ದು, ಆಮೇಲೆ, ನಾನು ಇನ್ನು ಆ ಮೈಕು ಮುಟ್ಟಲ್ಲ ಕಣೇ, ಯಾರದ್ದು ತಪ್ಪು ಅಂದ್ರೂ ಅವನು ಕೇಳಿದ್ದು ನನ್ನನ್ನ, ಎಂದಳು, ಊಟ ಮಾಡಿದೆಯಾ ಎಂದಳು, ಫೋನ್ ಇಟ್ಟಳು. ಎಲ್ಲರೂ ಹೋದರು. ಪಕ್ಕದ ಮೇಜಿನಲ್ಲಿ ಹೊಸ ಆಪರೇಟರ್, ಹೇಳಿ, ಯಾವ ರಸ್ತೆ. ಒಂದು ಕೆಲಸ ಉಳಿದಿದೆ, ಹಾಗೇ ಬಿಟ್ಟು ಹೋಗಬಾರದು, ಟಿಕ್ ತೆಗೆದೆ, ಖಚಿತ ಮಾಡಿಕೊಳ್ಳಬೇಕು, ಈ ಸಲವಾದರೂ ಪರೀಕ್ಷೆ ಮಾಡಬೇಕು, ನಕ್ಷೆ ಒತ್ತಿದೆ, ಒಂಬತ್ತು ಸೆಕೆಂಡು, ಪೂರ್ತಿ ಬಂದಿದೆ, ಎಡಕ್ಕೆ ಗೋಡೆ, ಬಲಕ್ಕೆ ಮೆಟ್ಟಿಲು, ಮಗುವಿಗೂ ಗೊತ್ತಾಗುತ್ತದೆ, ಪರದೆಯ ತುಂಬ ಇದೆ, ಕಣ್ಣೆದುರಿಗೇ ಇದೆ, ಆದರೆ ನನಗೆ ಕಾಣುತ್ತಿರುವುದು ಇದಲ್ಲ, ಕಣ್ಣುಜ್ಜಿಕೊಂಡೆ, ಇದಲ್ಲ, ಓಣಿ ಬರುತ್ತದೆ, ಕವಲು ಬರುತ್ತದೆ, ಅಲ್ಲಿಗೆ ನಿಲ್ಲುತ್ತದೆ, ಕೆಳಗೆ ಬೂದು — ಕವಲು, ಬೂದು — ಕವಲು —