ಭಾವನ ಬಲಗೈ

ನನ್ನ ಅಕ್ಕನ ಗಂಡ ವಿಮಾನದ ಕ್ಯಾಪ್ಟನ್. ನಾನು ಪೈಲಟ್‌ಗಳನ್ನು ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್ಟಿನಲ್ಲಿ, ಕೂರಿಸಿ ಪರೀಕ್ಷೆ ಮಾಡುವವಳು. ನೆಂಟರು ಊಟಕ್ಕೆ ಸೇರಿದಾಗಲೆಲ್ಲ ಭಾವ ನನ್ನನ್ನು ಪರಿಚಯಿಸುವುದು ಒಂದೇ ರೀತಿ: "ಇವಳು ನಮ್ಮ ನಾದಿನಿ. ನೆಲ ಬಿಡದ ಪೈಲಟ್!" ಎಲ್ಲರೂ ನಗುತ್ತಾರೆ. ಅಷ್ಟರಲ್ಲಿ ಭಾವನ ಲೋಟ ಖಾಲಿಯಾಗಿರುತ್ತದೆ. ಅವರು ಕೈ ಚಾಚುವ ಮೊದಲೇ ಅಕ್ಕ ತುಂಬಿಸಿರುತ್ತಾಳೆ.

ಈ ಸಲದ ಪರೀಕ್ಷೆಗೆ ಅವರೇ ನನ್ನನ್ನು ಕೇಳಿ ಹಾಕಿಸಿಕೊಂಡಿದ್ದರು. ಫೇಲಾದರೆ ಮತ್ತೆ ತರಬೇತಿ ಮುಗಿಯುವವರೆಗೆ ವಿಮಾನ ಮುಟ್ಟುವಂತಿಲ್ಲ. "ಮನೆಯವಳೇ ಇದ್ದಾಳಲ್ಲ, ಬೇಗ ಮುಗಿಸ್ತಾಳೆ" ಎಂದು ಸಹಪೈಲಟ್‌ಗೆ ಹೇಳುತ್ತ ಎಡಗಡೆಯ ಸೀಟಿನಲ್ಲಿ ಕುಳಿತರು.

ಇಳಿಯುವ ಹಾದಿಯಲ್ಲಿ ನಾನು ಹಿಂದಿನ ಸೀಟಿನಿಂದ ಗುಂಡಿಯೊತ್ತಿ ಆಟೋಪೈಲಟ್ ಕೆಡಿಸಿದೆ. ಎಂಜಿನ್ನಿನ ಬಲವನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆಯನ್ನೂ ಕೆಡಿಸಿದೆ.

"ಇನ್ನು ಕೈಯಲ್ಲೇ ಇಳಿಸಿ ಭಾವ."

"ಇದೇನು ಮಹಾ! ನೀನು ಸ್ಕೂಲಿಗೆ ಹೋಗ್ತಿದ್ದಾಗಿಂದ ಹಾರಿಸ್ತಿದೀನಿ."

ಹಾರಿಸುತ್ತಿದ್ದುದು ಯಾರು ಎಂದು ಕೇಳಲಿಲ್ಲ. ಅವರ ಬಲಗೈ ನೋಡುತ್ತಿದ್ದೆ. ಎಂಜಿನ್ನಿನ ಬಲ ಏರಿಸುವ ಹಿಡಿಗಳ ಮೇಲೆ ಅದು ಸೋಫಾದ ಮೇಲೆ ಒರಗಿದಂತೆ ಬಿದ್ದಿತ್ತು. ವೇಗ ಇಳಿಯಿತು. ವಿಮಾನ ಕೆಳಗೆ ಜಾರತೊಡಗಿತು. ಭಾವ ಅದರ ಮೂತಿ ಎತ್ತಿದರು. ವೇಗ ಇನ್ನೂ ಇಳಿಯಿತು.

"ಸ್ಪೀಡ್" ಎಂದ ಸಹಪೈಲಟ್.

"ಗೊತ್ತು."

ಗೊತ್ತಿತ್ತು, ಪಾಪ. ಕೈ ಮಾತ್ರ ಅಲ್ಲಾಡಲಿಲ್ಲ, ಯಾರಾದರೂ ಮಾಡಲಿ ಎಂದು ಕಾಯುತ್ತಿತ್ತು. ಸಹಪೈಲಟ್ ನೆರವಿಗೆ ಬಂದರೆ ಅವನನ್ನು ಕಣ್ಣಲ್ಲೇ ಗದರಿಸಿದರು. ಈ ಕೈಯನ್ನು ಎಲ್ಲಿ ನೋಡಿದ್ದೇನೆಂದು ಆಗ ಹೊಳೆಯಿತು. ಊಟದ ಮೇಜಿನ ಮೇಲೆ, ಖಾಲಿ ಲೋಟದ ಪಕ್ಕದಲ್ಲಿ.

ಎಚ್ಚರಿಕೆಯ ಗಂಟೆ ಬಡಿದುಕೊಂಡಿತು. ರನ್‌ವೇ ಇನ್ನೂ ಮುಂದಿರುವಾಗಲೇ ನೆಲ ಬಂತು, ಪರದೆ ನಿಂತುಹೋಯಿತು.

"ನಿಮ್ಮ ಈ ಡಬ್ಬಾ ಸರಿಯಿಲ್ಲ" ಎಂದರು ಭಾವ.

ಮತ್ತೊಮ್ಮೆ ಮಾಡಿಸಿದೆ. ಡಬ್ಬಾ ಆಗಲೂ ಸರಿಯಿರಲಿಲ್ಲ.

ಹೊರಗೆ ಬಂದ ಮೇಲೆ ದನಿ ತಗ್ಗಿಸಿದರು. "ನಿಜವಾದ ವಿಮಾನದಲ್ಲಿ ಇದನ್ನೆಲ್ಲ ಯಾರು ಆಫ್ ಮಾಡ್ತಾರೆ ಹೇಳು?"

"ಯಾರೂ ಮಾಡಲ್ಲ. ಅದೇ ಒಂದಿನ ಕೆಟ್ಟು ಕೂರುತ್ತೆ. ಹಿಂದೆ ಜನ ಕೂತಿರ್ತಾರೆ."

"ನಿನ್ನ ಅಕ್ಕನ ಮುಖ ನೋಡಿಯಾದ್ರೂ..."

ಅವರು ಆ ಮುಖವನ್ನು ನೋಡಿ ಎಷ್ಟು ಕಾಲವಾಯಿತು ಎಂದು ಕೇಳಬಹುದಿತ್ತು. ಕೇಳದೆ ಫೇಲ್ ಮಾಡಿದೆ.

ಸಂಜೆ ಅಕ್ಕನ ಫೋನು ಬಂತು.

"ಫೇಲ್ ಮಾಡಿದ್ಯಂತೆ?"

"ಹೂಂ ಅಕ್ಕಾ. ಎಲ್ಲ ತಾನಾಗೇ ಆಗಿ ಆಗಿ ಅವರಿಗೆ ಕೈಯ ಅಭ್ಯಾಸ ತಪ್ಪಿಹೋಗಿದೆ."

ಬೈಯುತ್ತಾಳೆಂದು ಕಾದೆ. ಆ ಕಡೆಯಿಂದ ಭಾವನ ದನಿ ಕೇಳಿಸಿತು: "ಲೇ, ನೀರು!"

ಅಕ್ಕ ಫೋನು ಇಳಿಸದೆಯೇ ಅವರಿಗೆ ಉತ್ತರಿಸಿದಳು.

"ಎದುರಿಗೇ ಜಗ್ ಇದೆ. ಬಗ್ಗಿಸ್ಕೊಳ್ಳಿ."

"ಏನಂದೆ?"

"ಅಭ್ಯಾಸ ಆಗ್ಲಿ ಅಂದೆ."

ಏನೋ ಉರುಳಿದ ಸದ್ದು, ನೀರು ಚೆಲ್ಲಿದ ಸದ್ದು. ಅಕ್ಕ ಎದ್ದಂತೆ ಕೇಳಿಸಲಿಲ್ಲ.

"ಒರೆಸೋ ಬಟ್ಟೆ ಸಿಂಕ್ ಹತ್ರ ಇದೆ" ಎಂದು ಅವರಿಗೆ ಹೇಳಿ, "ಹೂಂ, ನೀನು ಹೇಳೇ" ಎಂದಳು.