ಚೆಂಡಿನ ಹಿಂದೆ ಒಂದು ಗೇಣು

ಕೆಂಪಾಪುರದ ಮುನಿಯಣ್ಣ ಗಾಲ್ಫ್ ಹೊಡೆತವನ್ನು ಕಣ್ಣಿನಿಂದ ನೋಡುವವನಲ್ಲ, ಕಿವಿಯಿಂದ ಕೇಳುವವನು. ಕೋಲುಗಳ ಚೀಲವನ್ನು ಹೆಗಲಿಗೇರಿಸಿ ಬೇರೆ ಕಡೆ ಮುಖ ಮಾಡಿ ನಿಂತಿದ್ದರೂ ಸರಿ, ಐರನ್ ಎಂಬ ಕಬ್ಬಿಣದ ಕೋಲು ಮೊದಲು ಚೆಂಡಿಗೆ ತಾಗಿ ಆಮೇಲೆ ನೆಲ ಮುಟ್ಟಿತೆಂದರೆ 'ಠಣ್' ಎಂದು ಒಂದೇ ಒಂದು ಸದ್ದು, ಅದರ ಬೆನ್ನಿಗೇ ಹುಲ್ಲು ಹರಿದ ಸಪ್ಪಳ. ಮೊದಲು ನೆಲಕ್ಕೆ ಬಿತ್ತೋ, 'ದೊಪ್'. ಒದ್ದೆ ಗೋಣಿಚೀಲವನ್ನು ಜಗಲಿಗೆ ಎಸೆದ ಹಾಗೆ. ಶೇಷಗಿರಿರಾಯರು ಮೈದಾನಕ್ಕೆ ಬರಲು ತೊಡಗಿ ಎರಡು ವರ್ಷವಾಗಿತ್ತು. ಎರಡು ವರ್ಷವೂ ದೊಪ್.

ಮೈದಾನ ಹೆಬ್ಬಾಳದ ಕೆರೆಗೂ ಕೆಂಪಾಪುರಕ್ಕೂ ನಡುವೆ, ಯಶವಂತಪುರದ ಕಡೆಯ ಒಂದು ದೊಡ್ಡ ಕಾರ್ಖಾನೆಯದು. ಚೆಂಡು ಬೀಳಿಸಬೇಕಾದ ಗುಳಿಗಳು ಒಂಬತ್ತೇ. ಬೇಸಿಗೆ ಬರುವ ಮೊದಲೇ ಹುಲ್ಲು ಕೆಂಪಗಾಗಿ ಅಡಿಯ ಮಣ್ಣು ಹೆಂಚಿನಂತೆ ಗಟ್ಟಿಯಾಗುತ್ತಿತ್ತು. ಮುನಿಯಣ್ಣ ಅಲ್ಲಿ ಹದಿನಾಲ್ಕು ವರ್ಷದಿಂದ ಆಟಗಾರರ ಚೀಲ ಹೊರುವ ಕ್ಯಾಡಿ. ಅವನ ಹೆಂಡತಿ ಮುನಿಕೃಷ್ಣಮ್ಮ ಮಣ್ಣಿನ ಬುಟ್ಟಿ ಹೊತ್ತು ಸಾಹೇಬರುಗಳ ಹಿಂದೆ ನಡೆಯುತ್ತ, ಕೋಲು ಕಿತ್ತ ನೆಲದ ಗಾಯಗಳನ್ನು ಮುಚ್ಚುವವಳು. ಇಬ್ಬರದೂ ದಿನಗೂಲಿ.

ಎಪ್ಪತ್ತೊಂಬತ್ತರ ಧನುರ್ಮಾಸ. ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಮುಖ್ಯಸ್ಥರಾದ ಜಿ.ಎಂ. ಸಾಹೇಬರ ಎದುರಿಗೇ ಶೇಷಗಿರಿರಾಯರು ನಾಲ್ಕನೆಯ ಗುಳಿಯ ಹತ್ತಿರ ಒಂದೇ ಜಾಗದಲ್ಲಿ ಮೂರು ಸಲ ನೆಲ ಅಗೆದರು. ಚೆಂಡು ಕಪ್ಪೆಯಂತೆ ಒಂದಡಿ ಜಿಗಿದು ಕುಳಿತುಕೊಂಡಿತು.

"ಏನ್ರೀ ಶೇಷಗಿರಿ, ಬಾವಿ ತೋಡಿಸ್ತಿದೀರಾ? ನೀರು ಬಂತಾ?" ಎಂದರು ಅಕೌಂಟ್ಸಿನ ಬದರೀನಾಥರು. ಅವರ ಐರನ್ ಹೊಡೆತ ಚೆನ್ನ, ನಾಲಗೆ ಇನ್ನೂ ಚೆನ್ನ. "ಮುನಿಕೃಷ್ಣಮ್ಮಾ, ಇವರ ಹಿಂದೆ ಬುಟ್ಟಿ ಸಾಲಲ್ಲಮ್ಮ, ಗಾಡಿ ಕಟ್ಕೊಂಡ್ ಬಾ!"

ಜಿ.ಎಂ. ಸಾಹೇಬರು ನಕ್ಕರು. ಅವರು ನಕ್ಕದ್ದನ್ನು ಕಂಡು ಎಲ್ಲರೂ ನಕ್ಕರು. ರಾಯರೂ ನಗಬೇಕಾಯಿತು.

ಆಮೇಲೆ ರಾಯರು ಮುನಿಯಣ್ಣನನ್ನು ಹುಣಸೆಮರದ ಕೆಳಗೆ ಕರೆದರು. ಕಾರ್ಖಾನೆಯಲ್ಲಿ ಅವರು ಪರ್ಸೊನೆಲ್ ಆಫೀಸರು; ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಕಾಗದವೆಲ್ಲ ಅವರ ಕೈಮೇಲೆಯೇ ಹೋಗುವುದು.

"ಸಂಕ್ರಾಂತಿ ಆದ್ಮೇಲೆ ಕಪ್ಪಿನ ಮ್ಯಾಚು ಕಣೋ. ಜಿ.ಎಂ. ನನ್ನನ್ನ ತಮ್ಮ ಜೋಡಿಗೆ ಹಾಕ್ಕೊಂಡಿದಾರೆ, ನನ್ನ ಗ್ರಹಚಾರ. ಅಷ್ಟರೊಳಗೆ ನನ್ನ ಐರನ್ನು ಸರಿಮಾಡ್ಸು. ಮಾಲಿಗಳ ಲಿಸ್ಟು ನನ್ನ ಟೇಬಲ್ ಮೇಲಿದೆ. ಮೊದಲನೇ ಹೆಸರು ನಿಂದು."

ಕಾಯಂ ಮಾಲಿ. ಆ ಎರಡು ಮಾತಿಗಾಗಿಯೇ ಮುನಿಯಣ್ಣ ಇಷ್ಟು ವರ್ಷ ಚೀಲ ಹೊತ್ತಿದ್ದ. ಖಾಕಿ ಅಂಗಿ, ಕಾರ್ಖಾನೆಯ ಬಸ್ಸು, ಮಳೆ ಬಂದರೂ ತಪ್ಪದ ಸಂಬಳ. ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಅವನಿಗೆ ಮೂವತ್ತೈದು ನಡೆಯುತ್ತಿತ್ತು. ಈ ಲಿಸ್ಟು ತಪ್ಪಿದರೆ ಮತ್ತೊಂದಿಲ್ಲ.

ಮಾರನೆಯ ದಿನದಿಂದ ಬೆಳಿಗ್ಗೆ ಆರೂವರೆಗೆ ಪಾಠ. ರಾಯರು ಆರ್.ಟಿ. ನಗರದ ಮನೆಯಲ್ಲಿ ನಕ್ಷತ್ರವಿರುವಾಗಲೇ ಎದ್ದು, ಧನುರ್ಮಾಸದ ಪೂಜೆ ಮುಗಿಸಿ, ಹಣೆಗೆ ಅಂಗಾರವಿಟ್ಟು, ದೇವರ ಹೂವೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದರು. ಮೈಯಿಂದ ಕರ್ಪೂರದ ವಾಸನೆ.

"ಸ್ವಾಮಿ, ನೀವು ಚೆಂಡನ್ನ ಎತ್ತೋಕೆ ಓಗ್ತೀರಿ," ಎಂದ ಮುನಿಯಣ್ಣ. "ಎತ್ತೋದು ನಿಮ್ ಕೆಲ್ಸ ಅಲ್ಲ. ಕೋಲಿನ ಮಕ ಓರೆ ಮಾಡವ್ರಲ್ಲ, ಅದು ಎತ್ತತದೆ. ನೀವು ಕೆಳಿಕ್ ಒಡೀರಿ. ಭಾರ ಎಡಗಾಲಿಗ್ ಬರ್ಲಿ. ಬಲಗಾಲ್ ಮೇಲೆ ಇಂದಕ್ಕೆ ವಾಲ್ತೀರಿ ನೋಡಿ, ಅದ್ಕೇ ಕೋಲು ಚೆಂಡಿಗ್ ಮುಂಚೆ ನೆಲಕ್ ಬೀಳ್ತದೆ."

"ಗೊತ್ತು ಕಣೋ. ಪುಸ್ತಕದಲ್ಲೂ ಹಾಗೇ ಬರೆದಿದೆ. ಕಾಲು ಕೇಳ್ಬೇಕಲ್ಲ?"

ಕಾಲು ಕೇಳಲಿಲ್ಲ. ನಾಲ್ಕನೆಯ ದಿನ ಮುನಿಯಣ್ಣ ಹೆಗಲ ಚೌಕವನ್ನು ಮಡಿಸಿ ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿಟ್ಟ. ಕೋಲು ಚೌಕಕ್ಕೆ ತಾಗಬಾರದು, ಅದನ್ನು ದಾಟಿ ಬಂದು ಚೆಂಡಿಗೆ ಬೀಳಬೇಕು. ಅಷ್ಟು ಕಲಿತರೆ ರೋಗ ಹೋಯಿತು. ರಾಯರು ಹೊಡೆದರು, ಚೌಕ ಹಾರಿತು. ಮತ್ತೆ ಇಟ್ಟ, ಮತ್ತೆ ಹಾರಿತು. ಒಂದೇ ಬೆಳಿಗ್ಗೆ ಇಪ್ಪತ್ತು ಸಲ ಚೌಕ ಹಾರಿದ ಮೇಲೆ ಮುನಿಯಣ್ಣನಿಗೆ ಒಂದು ವಿಷಯ ಹೊಳೆಯಿತು: ಇವರಿಗೆ ಚೌಕದ ಮೇಲೆ ಮುಲಾಜಿಲ್ಲ. ಮುಲಾಜಿರುವ ವಸ್ತು ಬೇಕು.

"ನಿಮ್ ವಾಚ್ ಇಡಾನಾ ಸ್ವಾಮಿ?"

"ತಲೆ ಕೆಟ್ಟಿದೆಯೇನೋ? ಮಾವ ಕೊಟ್ಟಿದ್ದು."

"ಅಂಗಾರೆ ಜೇಬಲ್ಲಿರೋ ಊವ?"

ರಾಯರ ಮುಖ ಕಪ್ಪಿಟ್ಟಿತು. ಜೇಬಿನ ಮೇಲೆ ಅಂಗೈ ಮುಚ್ಚಿಕೊಂಡರು. "ದೇವರ ಹೂವನ್ನ ನೆಲಕ್ಕಿಟ್ಟು ಕೋಲು ಬೀಸೋದಾ? ಯಾವ ಬಾಯಲ್ಲಿ ಹೇಳ್ದೆಯೋ?" ಎಂದು ಎರಡೂ ಕೆನ್ನೆಗೆ ಬಡಿದುಕೊಂಡರು. ಅವರ ಕಣ್ಣಿನಲ್ಲಿ ನೀರಾಡಿದ್ದನ್ನು ಮುನಿಯಣ್ಣ ಕಂಡ.

ಕಂಡು, ಅವನ ಎದೆ ತುಂಬಿತು. ಒಂದು ಹೂವಿಗೇ ಇಷ್ಟು ಅಂಜುವ ಮನುಷ್ಯ, ಜೀವವಿರುವ ಕೈಗೆ ಇನ್ನೆಷ್ಟು ಅಂಜಬೇಡ! ಹಾಗೆಂದು ಅವನು ಲೆಕ್ಕ ಹಾಕಿದ. ಚೆಂಡಿನ ಆಚೆ ಕುಕ್ಕರಗಾಲಿನಲ್ಲಿ ಕುಳಿತು, ತೋಳು ಚಾಚಿ, ಬಲಗೈ ಬೆರಳುಗಳನ್ನು ಚೌಕವಿದ್ದ ಜಾಗದಲ್ಲಿ ನೆಲಕ್ಕೆ ಒತ್ತಿ ಇಟ್ಟ.

"ಒಡೀರಿ ಸ್ವಾಮಿ."

"ಬೇಡ ಕಣೋ."

"ನಿಮ್ ಕೈಲಿ ಯಾವ ಜೀವಕ್ಕೂ ಏಟಾಗಲ್ಲ. ನಂಗೊತ್ತು. ಒಡೀರಿ."

ರಾಯರು ಎರಡನೆಯ ಸಲ ಬೇಡ ಎನ್ನಲಿಲ್ಲ. ಕೆರೆಯ ಮೇಲೆ ಬಿಸಿಲು ಏರಿದ್ದನ್ನು ನೋಡಿ, "ಎಂಟೂವರೆಗೆ ಆಫೀಸಿದೆ. ಅಲ್ಲಾಡಿಸ್ಬೇಡ ಮತ್ತೆ," ಎಂದರು. ಕೋಲು ಎದ್ದಿತು, ಇಳಿಯಿತು. ಬೆರಳ ಮೇಲೆ ಗಾಳಿ ಸುಳಿಯಿತು.

ಠಣ್.

ಚೆಂಡು ಕೆರೆಯ ಕಡೆಗೆ ಎದ್ದು, ಎತ್ತರದಲ್ಲಿ ಒಂದು ಗಳಿಗೆ ನಿಂತಂತೆ ಮಾಡಿ, ಬಿತ್ತು. ಚೆಂಡಿದ್ದ ಜಾಗದ ಮುಂದೆ ಹೊಸ ಗಾಯ, ಹಿಂದೆ ಒಂದು ಗರಿಕೆಯೂ ಕದಲಿರಲಿಲ್ಲ. ರಾಯರು ಬಾಯಿ ತೆರೆದು ನಿಂತಿದ್ದರು. ಇನ್ನೊಂದು ಚೆಂಡಿಟ್ಟರು. ಠಣ್. ಅಂದು ಹನ್ನೆರಡು ಹೊಡೆತ, ಹನ್ನೆರಡೂ ಠಣ್.

ಹೀಗೆ ಒಂಬತ್ತು ದಿನ ನಡೆಯಿತು. ಒಂದು ದಿನ ಕೋಲು ಇಳಿಯುವಾಗ ಮುನಿಯಣ್ಣನ ಬೆರಳು ತಾನಾಗಿಯೇ ಹಿಂದೆ ಸರಿಯಿತು. ರಾಯರ ಹೊಡೆತ ತಪ್ಪಿತು. "ಅಲ್ಲಾಡಿಸ್ಬೇಡ ಅಂದ್ರೆ ಗೊತ್ತಾಗಲ್ವೇನೋ? ನನ್ನ ಗಮನ ಹೋಗುತ್ತೆ. ನಿನಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಹೇಳು, ಬೇರೆಯವರನ್ನ ನೋಡ್ತೀನಿ," ಎಂದರು. ಮುನಿಯಣ್ಣ ಕ್ಷಮೆ ಕೇಳಿದ.

ಮುನಿಕೃಷ್ಣಮ್ಮನಿಗೆ ತಿಳಿದಾಗ ಅವಳು ಬುಟ್ಟಿಯನ್ನು ಕೆಳಕ್ಕೆ ಕುಕ್ಕಿದಳು. "ನಿನ್ ಬುದ್ಧಿ ಎಲ್ ಮೇಯೋಕ್ ಓಗೈತೆ ಮಾವ? ನಾನು ಎರಡ್ ವರ್ಸದಿಂದ ಆ ಮನ್ಸ ಅಗೆದ ಗುಂಡಿ ಮುಚ್ತಾ ಇವ್ನಿ. ಎಂಗ್ ಬೀಳ್ತದೆ ಏಟು ಅಂತ ನನ್ನ ಕೇಳು."

"ದೇವ್ರಂಥ ಮನ್ಸ ಕಣೆ. ಊವನ್ನೇ ನೆಲಕ್ ಇಡಾಕೆ ಬಿಡ್ಲಿಲ್ಲ."

"ಅದು ಅವ್ರ ದೇವ್ರ ಊವ. ಇದು ನಿನ್ ಕೈ," ಎಂದಳು ಅವಳು.

ಹತ್ತನೆಯ ದಿನ ಬದರೀನಾಥರು ಬಂದರು. ಯಾರೂ ಕರೆದಿರಲಿಲ್ಲ. ರಾಯರ ಐರನ್ನು ನೆಟ್ಟಗಾಗುತ್ತಿದೆಯೆಂಬ ಸುದ್ದಿ ಕಾರ್ಖಾನೆ ಮುಟ್ಟಿತ್ತು. ಹುಣಸೆಮರದ ಕೆಳಗೆ ನಿಂತು ಎರಡು ಹೊಡೆತ ನೋಡಿದರು. ಆಮೇಲೆ ಕೆಳಗೆ ಕುಳಿತ ಮುನಿಯಣ್ಣನನ್ನು ನೋಡಿದರು.

"ಓಹೋ! ಇದಾ ಗುಟ್ಟು! ಭಲೇ ಶೇಷಗಿರಿ!" ಎಂದು ಚಪ್ಪಾಳೆ ತಟ್ಟಿದರು. "ಅಲ್ರೀ, ಮ್ಯಾಚಿನ ದಿನ ಜಿ.ಎಂ. ಮುಂದೆ ಯಾರ ಕೈ ಇಡ್ತೀರಿ? ಅವರದ್ದೇ ಕೇಳ್ತೀರಾ?"

"ಅಭ್ಯಾಸಕ್ಕೆ ಅಷ್ಟೇ ಕಣ್ರೀ," ಎಂದರು ರಾಯರು. ಅವರ ಕಿವಿ ಕೆಂಪಾಗಿತ್ತು.

"ಹೊಡೀರಿ ಹೊಡೀರಿ, ನಾನೂ ಕಲ್ತ್ಕೋತೀನಿ."

ರಾಯರು ಕೋಲೆತ್ತಿದರು. ಎತ್ತಿದಾಗಲೇ ಮುನಿಯಣ್ಣ ಕಂಡ: ಬಲಗಾಲಿನ ಹಿಮ್ಮಡಿ ನೆಲಕ್ಕೆ ಹೂತಿತ್ತು, ಮೈ ಹಿಂದಕ್ಕೆ ವಾಲಿತ್ತು. ಹಳೆಯ ರಾಯರು. ಕೈ ಎಳೆದುಕೊಳ್ಳಲು ಹೊತ್ತಿತ್ತು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು, ಆದರೆ ಅಷ್ಟೇ ಸಾಕಿತ್ತು. ಈಗ ಎಳೆದುಕೊಂಡರೆ ಬದರೀನಾಥರು ನಗುತ್ತಾರೆ, ರಾಯರಿಗೆ ಅವಮಾನ, ಲಿಸ್ಟು ಅವರ ಟೇಬಲ್ಲಿನ ಮೇಲಿದೆ. ಮುನಿಯಣ್ಣ ಕಣ್ಣು ಮುಚ್ಚಿಕೊಂಡು ಬೆರಳುಗಳನ್ನು ನೆಲಕ್ಕೆ ಇನ್ನೂ ಗಟ್ಟಿಯಾಗಿ ಒತ್ತಿದ.

ಈ ಸಲದ ಸದ್ದು ಠಣ್ ಅಲ್ಲ, ದೊಪ್ಪೂ ಅಲ್ಲ. ಹಸಿ ಕಡ್ಡಿ ಮುರಿದ ಸದ್ದು.

ಮುನಿಯಣ್ಣ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ನಡುವಿನ ಮೂರು ಬೆರಳು ತಮ್ಮವಲ್ಲದ ದಿಕ್ಕಿಗೆ ತಿರುಗಿದ್ದವು. ರಾಯರು ಬಿಳುಚಿಕೊಂಡು ಮೊದಲು ಬದರೀನಾಥರ ಕಡೆ ನೋಡಿದರು, ಆಮೇಲೆ ಅವನ ಕಡೆ.

"ಅಲ್ಲಾಡಿಸಿದೆ. ಅಲ್ವೇನೋ? ಅಲ್ಲಾಡಿಸಿದೆ ತಾನೇ?"

ಮುನಿಯಣ್ಣ ಆ ಮುಖವನ್ನು ನೋಡಿದ. ಅದು ಬೇಡುತ್ತಿತ್ತು. ದೊಡ್ಡ ಮನುಷ್ಯರ ಮುಖ ತನ್ನನ್ನು ಬೇಡುವುದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ಊಂ ಸ್ವಾಮಿ," ಎಂದ. "ಅಲ್ಲಾಡಿಸ್ಬುಟ್ಟೆ."

"ನೋಡಿದ್ರಾ? ಅವನೇ ಒಪ್ಕೊಂಡ," ಎಂದರು ರಾಯರು. ಬದರೀನಾಥರು ಮರದ ಕಡೆ ನೋಡುತ್ತ, ನೋಡಿದೆ ಎಂದರು.

ಆಸ್ಪತ್ರೆಗೆ ಬೇಡ, ಅಲ್ಲಿ ಹೇಗಾಯ್ತು ಅಂತ ಬರ್ಕೋತಾರೆ ಎಂದು ರಾಯರೇ ಹೇಳಿದರು. ಹೆಬ್ಬಾಳದಲ್ಲಿ ಮೂಳೆ ಕೂಡಿಸಿ ಕಟ್ಟು ಕಟ್ಟುವ ಖಾದರ್ ಬಾಷಾ ಮೊಟ್ಟೆ ಸವರಿ, ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿದ. "ಕೈ ಉಳೀತದೆ. ಮಡಿಸೋದು ಮಾತ್ರ ನಾನು ಹೇಳಲ್ಲ," ಎಂದ.

ಕಪ್ಪಿನ ಮ್ಯಾಚಿನ ದಿನ ಮುನಿಯಣ್ಣ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಬೇಲಿಯ ಹತ್ತಿರ ನಿಂತಿದ್ದ. ರಾಯರ ಚೀಲ ಬೇರೆಯವನ ಹೆಗಲಿನಲ್ಲಿತ್ತು. ನಾಲ್ಕನೆಯ ಗುಳಿಯಿಂದ ಸದ್ದು ಬಂತು. ಠಣ್. ಆರನೆಯದರಿಂದ ಬಂತು. ಠಣ್. ಇಡೀ ಬೆಳಿಗ್ಗೆ ಒಂದೂ ದೊಪ್ಪಿಲ್ಲ. ಜಿ.ಎಂ. ಸಾಹೇಬರು ರಾಯರ ಹೆಗಲ ಮೇಲೆ ಕೈಹಾಕಿಕೊಂಡು ನಡೆದುಬಂದರು. ದಾರಿಯಲ್ಲಿ ರಾಯರು ಬೇಲಿಯ ಕಡೆ ಸರಿದು, ತಗ್ಗಿದ ದನಿಯಲ್ಲಿ, ಸಂತೋಷದಿಂದಲೇ ಹೇಳಿದರು: "ಈಗ ನಿನ್ನ ಕೈ ಇಲ್ಲದಿದ್ರೂ ಅಲ್ಲಿ ಕಾಣುತ್ತೆ ಕಣೋ. ಪ್ರತಿ ಚೆಂಡಿನ ಹಿಂದೆ ಕಾಣುತ್ತೆ. ತಪ್ಪೋದೇ ಇಲ್ಲ."

ರಾಯರು ಮಾತು ಉಳಿಸಿಕೊಂಡರು. ಲಿಸ್ಟಿನಲ್ಲಿ ಮೊದಲನೆಯ ಹೆಸರು ಅವನದೇ. ಹೆಸರು ಬಂದವರೆಲ್ಲ ಕಾರ್ಖಾನೆಯ ಡಾಕ್ಟರ ಮುಂದೆ ನಿಲ್ಲಬೇಕಾಯಿತು. ಡಾಕ್ಟರು ಮೂಲೆಯಲ್ಲಿದ್ದ ಗುದ್ದಲಿ ತೋರಿಸಿ ಕಾವು ಹಿಡಿ ಎಂದರು. ಮುನಿಯಣ್ಣ ಹಿಡಿದ. ಹೆಬ್ಬೆರಳು, ಕಿರುಬೆರಳು ಹಿಡಿದವು. ನಡುವಿನ ಮೂರು ನೆಟ್ಟಗೆ ನಿಂತೇ ಇದ್ದವು. ಡಾಕ್ಟರು ಕಾಗದದ ಮೇಲೆ ಒಂದೇ ಪದ ಬರೆದರು. ಆ ಪದವನ್ನು ಗುಮಾಸ್ತೆ ಓದಿ ಹೇಳಿದ: "ಅನ್‌ಫಿಟ್."

ಶನಿವಾರ ಬೆಳಿಗ್ಗೆ ಅವನು ಆರ್.ಟಿ. ನಗರಕ್ಕೆ ನಡೆದುಹೋದ. ರಾಯರು ಪೂಜೆ ಮುಗಿಸಿ, ಪಟ್ಟೆಮಡಿಯಲ್ಲಿ, ಬೆಳ್ಳಿಯ ಪಂಚಪಾತ್ರೆ ಹಿಡಿದು ಬಾಗಿಲಿಗೆ ಬಂದರು. ಅವರಿಗೆ ಬಡ್ತಿಯಾಗಿ ವಾರವಾಗಿತ್ತು.

"ಸ್ವಾಮಿ, ಡಾಕ್ಟ್ರಿಗೆ ನೀವೊಂದ್ ಮಾತ್ ಏಳ್ಬೇಕು. ಕೈ ಎಂಗೋಯ್ತು ಅಂತ. ನಿಮ್ ಪಾಠಕ್ಕೋಸ್ಕರ ಓಯ್ತು ಅಂತ."

"ಏನಂತ ಹೇಳ್ಲಿ? ನೀನು ಅಲ್ಲಾಡಿಸಿದೆ ಅಂತಾನಾ?"

"ನಾನು ಅಲ್ಲಾಡಿಸ್ಲಿಲ್ಲ ಸ್ವಾಮಿ."

"ಬದರೀನಾಥರ ಮುಂದೆ ನೀನೇ ಒಪ್ಕೊಂಡೆಯಲ್ಲೋ!"

"ನಿಮ್ಗೆ ಅವಮಾನ ಆಗಬಾರ್ದು ಅಂತ ಅಂಗಂದೆ."

ರಾಯರ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ನೋವು, ನಿಜವಾದ ನೋವು.

"ಹಾಗಾದ್ರೆ ಸುಳ್ಳು ಹೇಳ್ದೆ," ಎಂದರು. "ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳ್ದೆ. ಸುಳ್ಳು ಹೇಳೋನಿಗೆ ನಾನು ಹೇಗೋ ಶಿಫಾರಸು ಮಾಡ್ಲಿ? ನಾಳೆ ದೇವರು ನನ್ನ ಕೇಳಲ್ವಾ?"

ಮುನಿಯಣ್ಣ ಹೊರಡಲು ತಿರುಗಿದ.

"ಹೋಗ್ಲಿ, ಬರಿಗೈಲಿ ಕಳಿಸಬಾರದು. ತೀರ್ಥ ತಗೋ," ಎಂದು ರಾಯರು ಉದ್ಧರಣೆ ಎತ್ತಿದರು. ಅವನು ಎಡಗೈ ಒಡ್ಡಿದ. ಉದ್ಧರಣೆ ಹಿಂದೆ ಸರಿಯಿತು. "ಬಲಗೈ ಕಣೋ. ಅಷ್ಟೂ ತಿಳಿಯಲ್ವಾ?"

ಅವನು ಬಲಗೈ ಒಡ್ಡಿದ. ಬಟ್ಟಲಾಗಬೇಕಾದ ಅಂಗೈ ಬಟ್ಟಲಾಗಲಿಲ್ಲ. ತೀರ್ಥ ನೆಟ್ಟಗಿದ್ದ ಬೆರಳುಗಳ ಸಂದಿಯಲ್ಲಿ ಜಾರಿ ಮೆಟ್ಟಿಲ ಮೇಲೆ ಬಿತ್ತು.

"ರೀ, ಯಾರಾದ್ರೂ ತುಳಿದಾರು!" ಎಂದರು ಒಳಗಿನಿಂದ ರಾಯರ ಹೆಂಡತಿ ಸತ್ಯವತಿ.

ರಾಯರು ಗಾಬರಿಯಿಂದ ಬಗ್ಗಿ, ಹೆಗಲ ಉತ್ತರೀಯದಿಂದ ಮೆಟ್ಟಿಲನ್ನು ಒರೆಸತೊಡಗಿದರು. ಹನಿ ಹನಿಯನ್ನೂ ಹುಡುಕಿ, ಮೆಲ್ಲಗೆ, ಕಲ್ಲಿಗೆ ನೋವಾಗದ ಹಾಗೆ ಒರೆಸಿದರು. ಮುನಿಯಣ್ಣ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟ.